ಬೆನ್ನಿನ ಸೂಜಿಗೆ ಬೆರೆಸಿದ ಅರ್ಧ ಎಂ.ಎಲ್.

ಚಳ್ಳಕೆರೆಯಲ್ಲಿ ನನ್ನ ಹೆಸರು ಗೊತ್ತಿರುವವರು ಕಡಿಮೆ. ‘ಬೆನ್ನಿಗೆ ಸೂಜಿ ಹಾಕೋ ಡಾಕ್ಟ್ರಮ್ಮ’ ಅಂದರೆ ಮಾತ್ರ ಸಂತೆಯಲ್ಲಿ ಈರುಳ್ಳಿ ಮಾರುವವರೂ ಗುರುತು ಹಿಡಿಯುತ್ತಾರೆ. ಅರಿವಳಿಕೆ ತಜ್ಞೆ ಎಂಬ ಪದ ಇರುವುದು ನನ್ನ ಬಾಗಿಲ ಮೇಲಿನ ಫಲಕದಲ್ಲಿ ಅಷ್ಟೆ. ಆಪರೇಷನ್ ಮಾಡಿದ ವೈದ್ಯರನ್ನು ಜನ ಮನೆಗೆ ಕರೆದು ಊಟ ಹಾಕುತ್ತಾರೆ. ನೋವು ತಿಳಿಯದ ಹಾಗೆ ಮಾಡಿದವರನ್ನು ಆಸ್ಪತ್ರೆಯ ಮೆಟ್ಟಿಲು ಇಳಿಯುವಷ್ಟರಲ್ಲಿ ಮರೆತಿರುತ್ತಾರೆ. ನನಗೆ ಅದರ ಬಗ್ಗೆ ಬೇಸರವಿಲ್ಲ. ಮರೆತರೆ ಕೆಲಸ ಸರಿಯಾಗಿ ಆಗಿದೆ ಎಂದೇ ಅರ್ಥ.

ಒಬ್ಬ ಹೆಣ್ಣುಮಗಳು ಮಾತ್ರ ನನ್ನನ್ನು ಐದು ವರ್ಷ ಮರೆಯಲಿಲ್ಲ. ನನ್ನ ಕೆಲಸ ಸರಿಯಾಗಿ ಆಗಿರಲಿಲ್ಲ, ಅದಕ್ಕೇ. ಈಗ ನಾನು ಯಾರಿಗಾದರೂ ಋಣಿ ಅಂದರೆ ಮೊದಲು ಅವಳಿಗೆ.

ನಾನು ಮೈಸೂರಿನವಳು. ಓದು ಮುಗಿದ ಮೇಲೆ ಮದುವೆಯಾಗಿ ಚಳ್ಳಕೆರೆಗೆ ಬಂದೆ. ನನ್ನವರಿಗೆ ಇಲ್ಲಿನ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ. ನಾನು ಒಂದು ಸಣ್ಣ ಹೆರಿಗೆ ಆಸ್ಪತ್ರೆಗೆ ಸೇರಿಕೊಂಡೆ. ಹದಿನೈದು ಹಾಸಿಗೆ, ಒಂದು ಆಪರೇಷನ್ ಕೋಣೆ. ಆಸ್ಪತ್ರೆ ನಡೆಸುತ್ತಿದ್ದ ಹೆರಿಗೆ ಡಾಕ್ಟರ್ ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಒಳ್ಳೆಯ ಕೈಗುಣದವರು ಎಂದು ಸುತ್ತಲ ಹಳ್ಳಿಗಳಲ್ಲಿ ಹೆಸರು ಮಾಡಿದ್ದರು. ಮೊಳಕಾಲ್ಮೂರಿನಿಂದಲೂ ಗಡಿಯಾಚೆಯಿಂದಲೂ ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಆಪರೇಷನ್ ಕೋಣೆಯಲ್ಲಿ ನನ್ನ ಜೊತೆಗಿದ್ದದ್ದು ಒಬ್ಬ ಆಯಾ. ಐವತ್ತು ದಾಟಿದ ಹೆಂಗಸು, ಹತ್ತಿರದ ನನ್ನಿವಾಳ ಎಂಬ ಹಳ್ಳಿಯ ಸೊಸೆ, ತವರು ರಾಯದುರ್ಗದ ಕಡೆ. ಕನ್ನಡ ತೆಲುಗು ಎರಡನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ.

ನಾನು ಕಲಿತ ದೊಡ್ಡ ಆಸ್ಪತ್ರೆಯಲ್ಲಿ ಸಿಸೇರಿಯನ್‌ಗೆ ಬೆನ್ನಿನ ಸೂಜಿ ಕೊಡುವಾಗ ಮುಖ್ಯ ಔಷಧದ ಜೊತೆ ಇನ್ನೊಂದನ್ನು ಚೂರೇ ಚೂರು ಬೆರೆಸುತ್ತಿದ್ದೆವು. ಫೆಂಟನಿಲ್ ಎಂದು ಅದರ ಹೆಸರು. ಅರ್ಧ ಎಂ.ಎಲ್. ಸಾಕು. ಹಿರಿಯರು ಹಾಕು ಎಂದರು, ಹಾಕುತ್ತಿದ್ದೆ. ಯಾಕೆ ಎಂದು ಕೇಳಿದ್ದರೆ ಪುಸ್ತಕದಲ್ಲಿದ್ದದ್ದನ್ನು ಒಪ್ಪಿಸುತ್ತಿದ್ದೆ. ಚಳ್ಳಕೆರೆಯ ನಮ್ಮ ಆಸ್ಪತ್ರೆಯಲ್ಲಿ ಆ ಔಷಧ ಇರಲಿಲ್ಲ. ಅದು ಅಫೀಮಿನ ಜಾತಿಯದು, ಇಟ್ಟುಕೊಳ್ಳಲು ಸರ್ಕಾರದ ಅನುಮತಿ ಬೇಕು, ಬೀಗ ಹಾಕುವ ಕಪಾಟು ಬೇಕು, ಒಡೆದ ಒಂದೊಂದು ಆಂಪೂಲನ್ನೂ ಪುಸ್ತಕದಲ್ಲಿ ಬರೆಯಬೇಕು. ಹೆಚ್ಚಾದರೆ ರೋಗಿಯ ಉಸಿರಾಟ ನಿಧಾನವಾಗಬಹುದು, ಆಪರೇಷನ್ ಆದ ಮೇಲೂ ನಿಗಾ ಇಡಬೇಕು. ಇಷ್ಟೆಲ್ಲ ಯಾಕೆ ಎಂದು ನಾನೂ ಸುಮ್ಮನಾದೆ. ಮುಖ್ಯ ಔಷಧ ಒಂದರಲ್ಲೇ ನಡೆಯುತ್ತಿತ್ತು. ನಡೆಯುತ್ತಿದೆ ಎಂದು ನಾನು ಅಂದುಕೊಂಡಿದ್ದೆ.

ಅವಳು ಬಂದದ್ದು ನಾನು ಸೇರಿದ ಮೊದಲ ವರ್ಷ. ಮೊಳಕಾಲ್ಮೂರಿನ ನೇಕಾರರ ಮನೆಯ ಹೊಸ ಸೊಸೆ, ಇಪ್ಪತ್ತೊಂದು ಇಪ್ಪತ್ತೆರಡು ವಯಸ್ಸು, ಚೊಚ್ಚಲ ಹೆರಿಗೆ. ಆಂಧ್ರದ ಕಡೆಯಿಂದ ಮದುವೆಯಾಗಿ ಬಂದಿದ್ದಳು. ಕನ್ನಡ ಇನ್ನೂ ನಾಲಿಗೆಗೆ ಹತ್ತಿರಲಿಲ್ಲ. ಮಗು ಅಡ್ಡ ತಿರುಗಿತ್ತು. ಬೆಳಿಗ್ಗೆ ಹತ್ತು ಗಂಟೆಗೆ ಆಪರೇಷನ್ ಎಂದಾಯಿತು.

ಆಯಾ ಅವಳನ್ನು ಮೇಜಿನ ಮೇಲೆ ಕೂರಿಸಿ ತನ್ನ ಹೆಗಲಿಗೆ ಒರಗಿಸಿಕೊಂಡರು. ಬೆನ್ನು ಬಿಲ್ಲಿನಂತೆ ಬಾಗಿತು. ನಾನು ಸೂಜಿ ಹಾಕಿದೆ, ಒಂದೇ ಸಲಕ್ಕೆ ಸರಿಯಾದ ಜಾಗ ಸಿಕ್ಕಿತು. ಮಲಗಿಸಿ, ಸ್ಪಿರಿಟ್ ಹತ್ತಿಯನ್ನು ಕಾಲಿನಿಂದ ಎದೆಯವರೆಗೂ ಮುಟ್ಟಿಸುತ್ತಾ ಬಂದೆ. ತಣ್ಣಗೆ ಗೊತ್ತಾಗುತ್ತಿಲ್ಲ ಎಂದು ತಲೆ ಅಲ್ಲಾಡಿಸಿದಳು. ಸೂಜಿ ಮೊನೆ ತಾಗಿಸಿದರೂ ಗೊತ್ತಿಲ್ಲ. ಹೆರಿಗೆ ಡಾಕ್ಟರಿಗೆ ಆಗಬಹುದು ಎಂದೆ. ಕೊಯ್ದದ್ದು ಅವಳಿಗೆ ತಿಳಿಯಲೇ ಇಲ್ಲ. ಐದಾರು ನಿಮಿಷಕ್ಕೆಲ್ಲ ಗಂಡುಮಗು ಹೊರಗೆ ಬಂದು ಕೋಣೆ ತುಂಬುವಂತೆ ಅತ್ತಿತು. ಅವಳೂ ಅತ್ತಳು, ಆದರೆ ಅದು ಸಂತೋಷದ ಅಳು.

ಆಮೇಲೆ ಗರ್ಭಕೋಶಕ್ಕೆ ಹೊಲಿಗೆ ಹಾಕಲು ಡಾಕ್ಟರು ಅದನ್ನು ಮೇಲಕ್ಕೆ ಎತ್ತಿಕೊಂಡರು. ಆಗ ಅವಳ ಮುಖ ಬಿಳುಚಿತು.

“ಲೋಪಲ ಲಾಗುತಾ ಉಂದಿ,” ಎಂದಳು.

ನನಗೆ ಅರ್ಥವಾಗಲಿಲ್ಲ. ಹೆದರಿದ್ದಾಳೆ ಎಂದುಕೊಂಡು ಹಣೆ ಸವರಿದೆ. “ಆಯ್ತಮ್ಮ, ಮುಗೀತು. ಹೆದರ್ಬೇಡ. ಮಗು ಚೆನ್ನಾಗಿದೆ ನೋಡು,” ಎಂದೆ.

ಮತ್ತೆ ಅದೇ ಮಾತು ಹೇಳಿದಳು. ನಾನು ಮತ್ತೆ ಹಣೆ ಸವರಿದೆ. ಮೂರನೆಯ ಸಲ ಹೇಳಿ, ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಳು. ಹಿಡಿದವಳು ಏನೂ ಹೇಳದೆ ಕಣ್ಣು ಮುಚ್ಚಿದಳು. ನೀರು ಎರಡೂ ಕಡೆಯಿಂದ ಇಳಿದು ಕಿವಿಯೊಳಗೆ ಹೋಗುತ್ತಿತ್ತು. ಸುಮ್ಮನಾದಳಲ್ಲ, ಸದ್ಯ, ಎಂದು ನನಗೆ ಸಮಾಧಾನವಾಯಿತು. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ. ಕೇಸ್ ಶೀಟಿನಲ್ಲಿ ‘ರೋಗಿಗೆ ಗಾಬರಿ ಇತ್ತು, ಸಮಾಧಾನಪಡಿಸಲಾಯಿತು’ ಎಂದು ಬರೆದೆ.

ಅವಳನ್ನು ವಾರ್ಡಿಗೆ ಸಾಗಿಸಿದ ಮೇಲೆ ಆಯಾ ರಬ್ಬರ್ ಹಾಳೆ ತೊಳೆಯುತ್ತಾ, ನನ್ನ ಮುಖ ನೋಡದೆ ಅಂದರು: “ಮೇಡಂ, ಅದು ಹೆದರಿ ಅಂದಿದ್ದಲ್ಲರೀ. ಒಳಗೆ ಎಳೀತೈತೆ ಅಂತಿತ್ತು. ಮೂರು ಸಲ ಅಂದ್ಲು.”

“ಆಗಲೇ ಯಾಕೆ ಹೇಳಲಿಲ್ಲ ಅಕ್ಕ?”

“ನಾನು ಆ ಕಡೆ ಮಗೂನ ಒರೆಸ್ತಿದ್ದೆ. ನೀವು ಅದ್ರ ಹಣೆ ಮ್ಯಾಲೆ ಕೈ ಇಟ್ಟು ಮಾತಾಡ್ತಿದ್ರಿ. ನಿಮಗೆ ಗೊತ್ತಾಗೈತೆ ಅನ್ಕೊಂಡೆ.”

ಸೂಜಿಯ ಪ್ರಭಾವ ಬೇಗ ಇಳಿದುಹೋಯಿತು. ಅವಳು ಮಧ್ಯಾಹ್ನಕ್ಕೆಲ್ಲ ನೋವು ತಡೆಯಲಾರದೆ ಒದ್ದಾಡಿದಳು. ಇಂಜೆಕ್ಷನ್ ಕೊಡಿಸಿದೆ. ಮರುದಿನ ನೋಡಲು ಹೋದಾಗ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಪಕ್ಕದಲ್ಲಿ ಕೂತಿದ್ದ ಅತ್ತೆ, “ಮಲಗೈತ್ರೀ,” ಎಂದರು. ಮಲಗಿರಲಿಲ್ಲ. ಇಬ್ಬರಿಗೂ ಗೊತ್ತಿತ್ತು. ನಾನು ಕ್ಷಮೆ ಕೇಳಬೇಕಿತ್ತು. ಬಿ.ಪಿ. ನೋಡಿ, ಚೆನ್ನಾಗಿದೆ ಎಂದು ಹೇಳಿ ಬಂದುಬಿಟ್ಟೆ.

ಆ ವಾರವೆಲ್ಲ ಮನಸ್ಸಿಗೆ ನೆಮ್ಮದಿ ಇರಲಿಲ್ಲ. ಭಾನುವಾರ ನನ್ನ ಗುರುಗಳಿಗೆ ಫೋನ್ ಮಾಡಿದೆ. ನಿವೃತ್ತರಾಗಿ ಮನೆಯಲ್ಲಿದ್ದರು. ಬೈಯುತ್ತಾರೆ ಎಂದುಕೊಂಡಿದ್ದೆ. ಪೂರ್ತಿ ಕೇಳಿಸಿಕೊಂಡು, “ಚರ್ಮದ ಮೇಲೆ ಪರೀಕ್ಷೆ ಮಾಡಿದ್ದೀರಿ. ಒಳಗಿನದನ್ನು ಯಾರು ಪರೀಕ್ಷೆ ಮಾಡಿದರು?” ಎಂದರು.

ಅವತ್ತು ಅವರು ವಿವರಿಸಿದ್ದು ನನಗೆ ಮೊದಲ ಸಲ ನಿಜವಾಗಿ ಅರ್ಥವಾಯಿತು. ಮುಖ್ಯ ಔಷಧ ನರಗಳನ್ನು ಜಡ ಮಾಡುತ್ತದೆ, ಕೊಯ್ತ ಗೊತ್ತಾಗುವುದಿಲ್ಲ. ಆದರೆ ಗರ್ಭಕೋಶವನ್ನು ಎತ್ತಿದಾಗ, ಹೊಟ್ಟೆಯೊಳಗೆ ಒರೆಸಿದಾಗ ಹುಟ್ಟುವ ಎಳೆತದ ನೋವು ಬೇರೆ ಬಗೆಯದು. ಅದು ಎಷ್ಟೋ ಸಲ ಸಂದಿಯಲ್ಲಿ ನುಸುಳಿ ಮೇಲೆ ಹೋಗುತ್ತದೆ. ಜೊತೆಗೆ ಬೆರೆಸುವ ಆ ಚೂರು ಫೆಂಟನಿಲ್ ಬೆನ್ನುಹುರಿಯಲ್ಲೇ ನಿಂತು ಆ ನೋವಿನ ಸುದ್ದಿಯನ್ನು ಮಂದ ಮಾಡುತ್ತದೆ. ಕಾಲಿಗೆ ಶಕ್ತಿ ಬಂದ ಮೇಲೂ ಇನ್ನಷ್ಟು ಹೊತ್ತು ನೋವು ಬರುವುದಿಲ್ಲ. ಮುಖ್ಯ ಔಷಧವನ್ನು ಕೊಂಚ ಕಡಿಮೆಯೂ ಮಾಡಬಹುದು, ಹಾಗಾಗಿ ಬಿ.ಪಿ. ದಿಢೀರನೆ ಬೀಳುವ ಭಯ ಕಡಿಮೆ. ಇದಕ್ಕೆ ಪ್ರತಿಯಾಗಿ ಮೈ ತುರಿಸಬಹುದು, ವಾಕರಿಕೆ ಬರಬಹುದು. ಉಸಿರಿನ ಮೇಲೆ ಕಣ್ಣಿರಬೇಕು.

“ಔಷಧ ತರಿಸಿಕೊಳ್ಳಿ,” ಎಂದರು ಗುರುಗಳು. “ಭಾಷೇನೂ ಕಲಿಯಿರಿ. ಒಂದೇ ಇದ್ದರೆ ಸಾಲದು.”

ಎರಡನ್ನೂ ಮಾಡಿದೆ. ಹೆರಿಗೆ ಡಾಕ್ಟರ್ ನನ್ನ ಮಾತು ಕೇಳಿ, ಅನುಮತಿಯ ಅರ್ಜಿಗೆ ಓಡಾಡಿದರು. ಅದು ಕೈಗೆ ಬರಲು ತಿಂಗಳುಗಟ್ಟಲೆ ಹಿಡಿಯಿತು. ಬೀಗದ ಕಪಾಟು ಬಂತು. ನರ್ಸುಗಳನ್ನು ಕೂರಿಸಿಕೊಂಡು, ಆಪರೇಷನ್ ಆದವರ ಉಸಿರನ್ನು ಗಡಿಯಾರ ನೋಡಿ ಎಣಿಸುವುದು, ಎಷ್ಟಕ್ಕಿಂತ ಕಡಿಮೆಯಾದರೆ ನನ್ನನ್ನು ಕರೆಯಬೇಕು ಎನ್ನುವುದನ್ನು ರೂಢಿ ಮಾಡಿಸಿದೆ. ಅರ್ಧ ಎಂ.ಎಲ್. ಅಂದರೆ ಅರ್ಧವೇ ಆಗಬೇಕು, ಒಂದು ಹನಿ ಹೆಚ್ಚಾಗಬಾರದು. ಹಾಗಾಗಿ ಸಕ್ಕರೆ ಕಾಯಿಲೆಯವರು ಬಳಸುವ ಸಣ್ಣ ಸಿರಿಂಜಿನಲ್ಲಿ ಅಳೆದುಕೊಳ್ಳುತ್ತಿದ್ದೆ.

ಭಾಷೆ ಕಲಿಸಿದ್ದು ಆಯಾ. ಮಧ್ಯಾಹ್ನ ಊಟವಾದ ಮೇಲೆ ಆಪರೇಷನ್ ಬಟ್ಟೆಗಳನ್ನು ಮಡಿಸುತ್ತಾ ಕೂರುತ್ತಿದ್ದೆವು. “ನೊಪ್ಪಿ ಅಂದ್ರೆ ನೋವು. ಮಂಟ ಅಂದ್ರೆ ಉರಿ. ತಿಮ್ಮಿರಿ ಅಂದ್ರೆ ಜೋಮು,” ಎಂದು ಹೇಳಿಕೊಡುತ್ತಿದ್ದರು. ನಾನು ಚೀಟಿಯಲ್ಲಿ ಬರೆದುಕೊಂಡರೆ ನಗುತ್ತಿದ್ದರು. “ಬರ್ಕೊಂಡ್ರೆ ಬರಂಗಿಲ್ಲ ಮೇಡಂ. ಬಾಯಲ್ಲಿ ಅನ್ನಿ.” ನನ್ನ ಉಚ್ಚಾರಣೆ ಕೇಳಿ ವಾರ್ಡಿನ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕದ್ದೂ ಉಂಟು. ಹೊಲಿಗೆ ಹಾಕಿಸಿಕೊಂಡವರನ್ನು ಹಾಗೆ ನಗಿಸಬಾರದು ಎಂದು ಡಾಕ್ಟರು ನನ್ನನ್ನೇ ಗದರಿದರು.

ಹೀಗೆ ಐದು ವರ್ಷವಾಯಿತು. ಕೊರೊನಾ ಬಂದು ಹೋಯಿತು. ಮಾಸ್ಕ್ ಹಾಕುವ ಅಭ್ಯಾಸ ಆಸ್ಪತ್ರೆಯಲ್ಲಿ ಉಳಿದುಕೊಂಡಿತು. ಒಂದು ದಿನ, ಮಾರನೆಯ ದಿನದ ಸಿಸೇರಿಯನ್‌ಗೆ ದಾಖಲಾದವಳೊಬ್ಬಳು ಬೆನ್ನಿನ ಸೂಜಿ ಬೇಡ ಎಂದು ಹಟ ಹಿಡಿದಿದ್ದಾಳೆ ಎಂದು ನರ್ಸ್ ಬಂದು ಹೇಳಿದಳು. ವಾರ್ಡಿಗೆ ಹೋದೆ. ಹಾಸಿಗೆಯ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು, ಪಕ್ಕದಲ್ಲಿ ಅತ್ತೆ. ನನಗೆ ಅವಳ ಗುರುತು ಸಿಗಲಿಲ್ಲ, ಅವಳಿಗೂ ನನ್ನದು ಸಿಗಲಿಲ್ಲ. ನಾನೂ ಮಾಸ್ಕ್ ಹಾಕಿದ್ದೆ, ತಲೆಗೆ ಟೋಪಿ ಇತ್ತು.

“ಯಾಕಮ್ಮ, ಸೂಜಿ ಬೇಡ ಅಂದ್ರಂತೆ?”

“ಬ್ಯಾಡ್ರೀ. ಪೂರ್ತಿ ಮತ್ತು ಕೊಟ್ಟುಬಿಡ್ರಿ,” ಎಂದಳು. ಈಗ ಕನ್ನಡ ಸಲೀಸಾಗಿತ್ತು. “ನಂದು ಮೊದಲ್ನೇದೂ ಇಲ್ಲೇ ಆಗಿದ್ದು. ಹೆರಿಗೆ ಡಾಕ್ಟ್ರು ದೇವರಂಥೋರು, ಅದಕ್ಕೇ ಮತ್ತೆ ಬಂದೀನಿ. ಸೂಜಿ ಹಾಕಿದೋರು ಮಾತ್ರ ನನ್ನ ಮಾತು ಕಿವಿಗೆ ಹಾಕ್ಕೊಳ್ಲಿಲ್ಲ. ಒಳಗೆ ಕರುಳು ಕಿತ್ತು ಬರಂಗೆ ಎಳೀತಿತ್ತು. ನಾನು ಹೇಳ್ತಾನೇ ಇದ್ದೆ. ಅವರು ತಲೆ ಸವರ್ತಾನೇ ಇದ್ರು.”

ಯಾರು ಎಂದು ನನಗೆ ಆಗ ತಿಳಿಯಿತು. ಅವಳು ಸಿಟ್ಟಿನಿಂದ ಹೇಳುತ್ತಿರಲಿಲ್ಲ. ಹಳೆಯ ಗಾಯದ ಕಲೆ ತೋರಿಸುವವರ ಹಾಗೆ ಹೇಳುತ್ತಿದ್ದಳು. ಸುಮ್ಮನೆ ಇದ್ದುಬಿಡಬಹುದಿತ್ತು. ಮಾಸ್ಕ್ ಕೆಳಗೆ ಎಳೆದು, ಅವಳ ಎದುರಿನ ಸ್ಟೂಲಿನ ಮೇಲೆ ಕೂತೆ.

“ಅವತ್ತು ಸೂಜಿ ಹಾಕಿದವಳು ನಾನೇ ಕಣಮ್ಮ,” ಎಂದೆ. “ನಿನ್ನ ಮಾತು ನನಗೆ ಅರ್ಥ ಆಗಲಿಲ್ಲ. ಅರ್ಥ ಆಗದೇ ಇದ್ದಾಗ ಯಾರನ್ನಾದರೂ ಕೇಳಬೇಕಿತ್ತು. ಕೇಳಲಿಲ್ಲ. ತಪ್ಪಾಯ್ತು.”

ಅವಳು ನನ್ನ ಮುಖ ನೋಡಿದಳು. ಅತ್ತೆ ಸೆರಗು ಸರಿಮಾಡಿಕೊಂಡರು. ಹೊರಗೆ ಯಾರೋ ಸೊಪ್ಪು ಕೂಗಿಕೊಂಡು ಹೋಗುತ್ತಿದ್ದರು.

“ಇಷ್ಟು ದಿನ ನಿಮಗೆ ನೆನಪೈತಾ?” ಎಂದು ಕೇಳಿದಳು.

“ಐದು ವರ್ಷದಿಂದ ಪ್ರತಿ ಆಪರೇಷನ್‌ನಲ್ಲೂ ನೆನಪಾಗುತ್ತೆ.”

ಅತ್ತೆ ನಡುವೆ ಬಾಯಿ ಹಾಕಿದರು. “ಈಗೇನು ಬದ್ಲಾಗೈತ್ರೀ? ಅದೇ ಸೂಜಿ ತಾನೇ?”

ಬದಲಾದದ್ದನ್ನು ಹೇಳಿದೆ. ಅದೇ ಸೂಜಿ, ಅದೇ ಔಷಧ, ಆದರೆ ಜೊತೆಗೆ ಇನ್ನೊಂದನ್ನು ಸ್ವಲ್ಪ ಬೆರೆಸುತ್ತೇನೆ, ಅದು ಒಳಗಿನ ಎಳೆತಕ್ಕೆ. “ಚಾಕ್ಕೆ ಶುಂಠಿ ಹಾಕಿದಂಗಾ?” ಎಂದು ಅತ್ತೆ ಕೇಳಿದರು. ಹಾಗೇ ಅಂದುಕೊಳ್ಳಿ ಎಂದೆ. ಪೂರ್ತಿ ಪ್ರಜ್ಞೆ ತಪ್ಪಿಸುವುದೂ ಆಗುತ್ತದೆ, ಆದರೆ ತುಂಬು ಬಸುರಿಗೆ ಅದರಲ್ಲಿ ಅಪಾಯ ಜಾಸ್ತಿ, ಮಗುವಿನ ಮೊದಲ ಅಳು ಕೇಳುವುದಿಲ್ಲ ಎಂದೂ ಹೇಳಿದೆ. ತುರಿಕೆ, ವಾಕರಿಕೆ ಯಾವುದನ್ನೂ ಮುಚ್ಚಿಡಲಿಲ್ಲ. “ಯಾವುದು ಬೇಕು ಅಂತ ನೀನೇ ಹೇಳು. ನೀನು ಹೇಳಿದ್ದೇ ಮಾಡ್ತೀನಿ.”

ಅವಳು ಯೋಚಿಸಿದಳು. “ನಾನು ನಿಲ್ಸಿ ಅಂದ್ರೆ ನಿಲ್ಲಿಸ್ತೀರಾ?”

“ನಿಲ್ಲಿಸ್ತೀವಿ. ಡಾಕ್ಟರ ಹತ್ತಿರಾನೂ ಹೇಳಿಸ್ತೀನಿ.”

ಅವತ್ತು ಸಂಜೆ ಹೆರಿಗೆ ಡಾಕ್ಟರು ಬಂದು ಅವಳ ಕೈ ಹಿಡಿದು, “ನೀನು ಅಂದ ತಕ್ಷಣ ಕೈ ಎತ್ತಿಬಿಡ್ತೀನಿ,” ಎಂದರು. ಆಮೇಲೆ ಒಪ್ಪಿದಳು.

ಮರುದಿನ ಬೆಳಿಗ್ಗೆ ಅದೇ ಕೋಣೆ, ಅದೇ ಆಯಾ. ಅವರು ಅವಳನ್ನು ಹೆಗಲಿಗೆ ಒರಗಿಸಿಕೊಂಡು ತೆಲುಗಿನಲ್ಲಿ ಏನೇನೋ ಹೇಳುತ್ತಿದ್ದರು. ಅದರಲ್ಲಿ ಅರ್ಧ ನನಗೆ ಅರ್ಥವಾಗುತ್ತಿತ್ತು. ಸಣ್ಣ ಸಿರಿಂಜಿನಲ್ಲಿ ಅಳೆದದ್ದನ್ನು ಎರಡು ಸಲ ಬೆಳಕಿಗೆ ಹಿಡಿದು ನೋಡಿ, ದೊಡ್ಡದಕ್ಕೆ ಸೇರಿಸಿದೆ.

ಮಲಗಿಸಿದ ಮೇಲೆ ಬಿ.ಪಿ. ಒಂದು ಸಲ ಇಳಿಯಿತು, ವಾಕರಿಕೆ ಎಂದಳು. ಅದಕ್ಕೆ ಔಷಧ ಕೊಟ್ಟೆ, ಸರಿಹೋಯಿತು. ಸ್ವಲ್ಪ ಹೊತ್ತಿಗೆ, “ಮೂಗು ತುರಿಸ್ತೈತೆ,” ಎಂದಳು.

“ತುರಿಸಲಿ. ಔಷಧ ಕೆಲಸ ಮಾಡ್ತಿದೆ ಅಂತ ಅದು.”

ಆಯಾ ತಾವೇ ಅವಳ ಮೂಗು ಉಜ್ಜಿದರು. ಹೆಣ್ಣುಮಗು ಹುಟ್ಟಿತು. ಮೊದಲು ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಕೀಚಲು ದನಿಯಲ್ಲಿ ಅತ್ತಿತು. ಮಗುವನ್ನು ಒರೆಸಿ ಅವಳ ಕೆನ್ನೆಯ ಹತ್ತಿರ ಹಿಡಿದೆವು. ಆಗ ಡಾಕ್ಟರು ನನ್ನ ಕಡೆ ನೋಡಿ ಕಣ್ಣಲ್ಲೇ ಸನ್ನೆ ಮಾಡಿದರು. ಗರ್ಭಕೋಶ ಎತ್ತುವ ಹೊತ್ತು.

ನಾನು ಬಗ್ಗಿ ಅವಳ ಕಿವಿಯ ಹತ್ತಿರ ಕೇಳಿದೆ: “ಲೋಪಲ ಲಾಗುತಾ ಉಂದಾ?”

ಅವಳು ಕಣ್ಣರಳಿಸಿ ನನ್ನನ್ನು ನೋಡಿದಳು. ನಾನು ತೆಲುಗು ಆಡಿದ್ದೇ ಅವಳಿಗೆ ಆಶ್ಚರ್ಯ. ಉತ್ತರ ಹೇಳುವ ಮೊದಲು ಒಳಗೆ ಏನಾಗುತ್ತಿದೆ ಎಂದು ಗಮನವಿಟ್ಟು ನೋಡಿಕೊಂಡಳು. ಅಷ್ಟು ಹೊತ್ತು ಡಾಕ್ಟರು ಕೈ ತಡೆದು ನಿಂತಿದ್ದರು.

“ಮುಟ್ಟಿದ್ದು ಗೊತ್ತಾಗ್ತೈತೆ,” ಎಂದಳು ನಿಧಾನವಾಗಿ. “ಏನೋ ಸರಿದಾಡಿದಂಗೆ. ನೋವಿಲ್ಲ. ಎಳೆಯೋದಿಲ್ಲ.”

“ಮುಂದುವರಿಸಬಹುದಾ?”

“ಹೂಂ. ಮಾಡ್ರಿ.”

ಆ ಮೇಲೆ ಹೊಲಿಗೆ ಮುಗಿಯುವವರೆಗೂ ಅವಳು ಮಾತಾಡಿದ್ದೇ ಮಾತಾಡಿದ್ದು. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಬಿಟ್ಟು ಬಂದಿದ್ದಾಳಂತೆ. ಒಡಲು ಗಿಳಿಹಸಿರು, ಅಂಚು ಕುಂಕುಮದ ಬಣ್ಣ. ಮೂರು ಲಾಳಿ ಆಡಿಸಬೇಕಾದ ನೇಯ್ಗೆ, ಒಬ್ಬರಿಂದ ಆಗುವುದಿಲ್ಲ, ಅಂಚಿನ ಕಡೆ ಇನ್ನೊಬ್ಬರು ಕೂರಬೇಕು. ಅವಳಿಲ್ಲದೆ ಗಂಡ ಮಗ್ಗಕ್ಕೆ ಇಳಿಯಲೇ ಇಲ್ಲವಂತೆ. ಡಾಕ್ಟರು ಹೊಲಿಗೆ ಹಾಕುತ್ತಲೇ, “ನನ್ನ ಅಂಚೂ ಒಂಚೂರು ನೋಡಿ ಹೇಳವ್ವ, ಸರಿಯಾಗಿದೆಯಾ ಅಂತ,” ಎಂದರು. ಅವಳು ನಕ್ಕಳು. ಆಪರೇಷನ್ ಮೇಜಿನ ಮೇಲೆ ಮಲಗಿದವರು ಹಾಗೆ ನಗುವುದನ್ನು ನಾನು ಹೆಚ್ಚು ಕಂಡಿಲ್ಲ.

ಮಧ್ಯಾಹ್ನ ಎರಡು ಗಂಟೆಗೆ ನೋಡಲು ಹೋದೆ. ಕಾಲು ಆಡಿಸುತ್ತಿದ್ದಳು, ಮಗು ಹಾಲು ಕುಡಿಯುತ್ತಿತ್ತು. ನೋವಿನ ಇಂಜೆಕ್ಷನ್ ಇನ್ನೂ ಕೇಳಿರಲಿಲ್ಲ. ಸೂಜಿಯ ಔಷಧ ಇಳಿಯುವ ಮೊದಲೇ ಅದನ್ನು ಕೊಟ್ಟುಬಿಡಿ, ಅವಳು ಕೇಳುವವರೆಗೆ ಕಾಯಬೇಡಿ ಎಂದು ನರ್ಸಿಗೆ ಹೇಳಿದೆ. ಅವಳು ನನ್ನನ್ನು ಹತ್ತಿರ ಕರೆದಳು.

“ಹೋದ ಸಲ ಇಷ್ಟೊತ್ತಿಗೆ ನನ್ನ ಮಗನ ಮುಖ ನೋಡೋಕೂ ಆಗಿರ್ಲಿಲ್ಲ ಮೇಡಂ. ನೋವಿಗೆ ಬೇರೆ ಯಾರ ಕೈಗೋ ಕೊಟ್ಟುಬಿಟ್ಟಿದ್ದೆ. ಇವಳ್ನ ಬೆಳಿಗ್ಗೆಯಿಂದ ನೋಡ್ತಾನೇ ಇದೀನಿ.”

ಮಗುವಿನ ಪಾದ ಮುಟ್ಟಿ ಬಂದೆ. ಸಿರಿಂಜಿನ ಅರ್ಧ ಎಂ.ಎಲ್. ಇಷ್ಟೊಂದನ್ನು ಕೊಡಬಲ್ಲದು ಎಂದು ನನಗೆ ಆವರೆಗೆ ಯಾವ ಪುಸ್ತಕವೂ ಹೇಳಿರಲಿಲ್ಲ.

ಮೂರು ತಿಂಗಳು ಬಿಟ್ಟು ಅವರ ಮನೆಯಿಂದ ಊಟಕ್ಕೆ ಕರೆ ಬಂತು. ಅರಿವಳಿಕೆ ಕೊಡುವವರನ್ನು ಊಟಕ್ಕೆ ಯಾರು ಕರೆಯುತ್ತಾರೆ? ನಾನು ಆಯಾನನ್ನೂ ಕರೆದುಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಶೇಂಗಾ ಹೊಲ, ಮೊಳಕಾಲ್ಮೂರು ಹತ್ತಿರವಾದಂತೆ ಬಂಡೆಗುಡ್ಡ. ಬೀದಿಗೆ ಕಾಲಿಟ್ಟರೆ ಮನೆಮನೆಯಿಂದ ಮಗ್ಗದ ಸದ್ದು. ನಡುಮನೆಯ ಗುಂಡಿಮಗ್ಗದಲ್ಲಿ ಅವಳು ಕಾಲು ಇಳಿಬಿಟ್ಟು ಕೂತಿದ್ದಳು. ಮಗಳು ಪಕ್ಕದಲ್ಲೇ ಸೀರೆಯ ತೊಟ್ಟಿಲಲ್ಲಿ ಮಲಗಿದ್ದಳು. ಮಗ ನನ್ನನ್ನು ಕಂಡು ಅಜ್ಜಿಯ ಹಿಂದೆ ಅಡಗಿದ. ಸೂಜಿ ಹಾಕುವವರು ಎಂದು ಯಾರೋ ಹೇಳಿಟ್ಟಿದ್ದರು.

ಊಟಕ್ಕೆ ಕೂತಾಗ ಅತ್ತೆ ನನ್ನ ಎಲೆಗೆ ಹೋಳಿಗೆ ಮೇಲೆ ಹೋಳಿಗೆ ಹಾಕಿದರು. “ಸಾಕ್ರೀ,” ಎಂದೆ.

“ನೀವು ತಪ್ಪಾಯ್ತು ಅಂದ್ರಲ್ಲ ಅವತ್ತು,” ಎಂದರು, ಇನ್ನೊಂದು ಹಾಕುತ್ತಾ. “ದೊಡ್ಡೋರು ಯಾರೂ ನಮ್ಮಂಥೋರಿಗೆ ಹಂಗನ್ನಂಗಿಲ್ಲ. ತಿನ್ನಿ.”

ನಾನು ತಲೆ ತಗ್ಗಿಸಿ ತಿಂದೆ. ಆಯಾ ನನ್ನ ಕಡೆ ನೋಡಲಿಲ್ಲ, ತಮ್ಮ ಎಲೆಯ ತುಪ್ಪವನ್ನು ಬೆರಳಲ್ಲಿ ಹರಡುತ್ತಿದ್ದರು.

ಹೊರಡುವಾಗ ಅವಳು ಒಂದು ಕಾಗದ, ಪೆನ್ನು ತಂದಳು. ಅವಳ ತಂಗಿ ಏಳು ತಿಂಗಳ ಬಸುರಿಯಂತೆ. ರಾಯದುರ್ಗದಲ್ಲಿ ತೋರಿಸುತ್ತಿದ್ದಾರೆ, ಅವಳಿಗೂ ಆಪರೇಷನ್ ಆಗಬಹುದು ಎಂದಿದ್ದಾರೆ. “ಆ ಬೆರ್ಸೋ ಔಷಧದ ಹೆಸ್ರು ಬರ್ಕೊಡ್ರಿ. ಅಲ್ಲಿನ ಡಾಕ್ಟ್ರಿಗೆ ತೋರಿಸ್ತಾಳೆ.”

ಬರೆದುಕೊಟ್ಟೆ. ಎಲ್ಲರಿಗೂ ಅದೇ ಸರಿ ಎಂದೇನಿಲ್ಲ, ಅಲ್ಲಿನ ವೈದ್ಯರು ನೋಡಿ ನಿರ್ಧರಿಸಲಿ ಎಂದು ಕೆಳಗೆ ಸೇರಿಸಿದೆ. ನನ್ನ ಫೋನ್ ನಂಬರನ್ನೂ ಹಾಕಿದೆ.

ಎರಡು ತಿಂಗಳ ಮೇಲೆ ರಾಯದುರ್ಗದಿಂದ ಒಬ್ಬ ಯುವ ಅರಿವಳಿಕೆ ವೈದ್ಯ ಫೋನ್ ಮಾಡಿದ. ಓದು ಮುಗಿಸಿ ಬಂದು ವರ್ಷವೂ ಆಗಿರಲಿಲ್ಲವಂತೆ. ಚೀಟಿ ಹಿಡಿದುಕೊಂಡು ಬಂದ ರೋಗಿಯನ್ನು ಅದೇ ಮೊದಲು ನೋಡಿದ್ದಂತೆ, ನಗುತ್ತಾ ಹೇಳಿದ. ನಾವು ಔಷಧದ ಪ್ರಮಾಣ, ಆಮೇಲಿನ ನಿಗಾ ಎಲ್ಲ ಮಾತಾಡಿದೆವು. ಫೋನ್ ಇಡುವ ಮೊದಲು, “ಮೇಡಂ, ನಮ್ಮಲ್ಲಿ ಆ ಔಷಧ ಸಿಗಲ್ಲ, ಅನುಮತಿಗೆ ಏನೇನು ಬೇಕು?” ಎಂದು ಕೇಳಿದ. ನಾನು ಕುರ್ಚಿ ಎಳೆದುಕೊಂಡು ಕೂತು, ಮೊದಲ ಅರ್ಜಿಯಿಂದ ಶುರುಮಾಡಿ ಒಂದೊಂದಾಗಿ ಹೇಳಿದೆ. ಅವನು ಬರೆದುಕೊಳ್ಳುತ್ತಿದ್ದ. ಅವನ ಪೆನ್ನು ಕಾಗದದ ಮೇಲೆ ಓಡುವ ಸದ್ದು ಫೋನಿನಲ್ಲಿ ಕೇಳುತ್ತಿತ್ತು. ನನಗೆ ಅವತ್ತು ಬಹಳ ಸಂತೋಷವಾಯಿತು.